ಓರಿಯೆಂಟೇಶನ್ ವಾರದಲ್ಲಿ ಏನೇನು ನಡೆಯುತ್ತದೆ, ಯಾವುದನ್ನು ತಪ್ಪಿಸಬಾರದು?

ಪ್ರಶ್ನೆ: ಮುಂದಿನ ತಿಂಗಳು ವಿಶ್ವವಿದ್ಯಾಲಯ ಸೇರುತ್ತಿದ್ದೇನೆ. ತರಗತಿ ಶುರುವಾಗುವ ಮೊದಲು ಐದು ದಿನ ಓರಿಯೆಂಟೇಶನ್ ಇದೆ ಎಂದು ಇ-ಮೇಲ್ ಬಂದಿದೆ. ವೇಳಾಪಟ್ಟಿಯಲ್ಲಿ ಮೂವತ್ತಕ್ಕೂ ಹೆಚ್ಚು ಕಾರ್ಯಕ್ರಮಗಳಿವೆ. ಎಲ್ಲಕ್ಕೂ ಹೋಗಲೇಬೇಕೇ? ಏನೇನು ತೆಗೆದುಕೊಂಡು ಹೋಗಬೇಕು? ನಮ್ಮ ಮನೆಯಲ್ಲಿ ಪದವಿ ಓದಲು ಹೊರಟವಳು ನಾನೇ ಮೊದಲು, ಕೇಳೋಣವೆಂದರೆ ಯಾರೂ ಇಲ್ಲ. ಗೊತ್ತಿಲ್ಲದವರ ಜೊತೆ ಮಾತಾಡಲು ಸಂಕೋಚ. ಏನೇನೋ ಆಟ ಆಡಿಸುತ್ತಾರೆ ಎಂದು ಕೇಳಿ ಇನ್ನಷ್ಟು ಅಳುಕಾಗಿದೆ. ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಉತ್ತರ: ಎಲ್ಲಕ್ಕೂ ಹೋಗಬೇಕಿಲ್ಲ. ಆದರೆ ಆ ಮೂವತ್ತರಲ್ಲಿ ನಾಲ್ಕೈದು ಇರುತ್ತವೆ, ಅವು ತಪ್ಪಿದರೆ ಸೆಮಿಸ್ಟರ್ ಪೂರ್ತಿ ಓಡಾಡಬೇಕಾಗುತ್ತದೆ. ಯಾವುವು ಆ ನಾಲ್ಕೈದು ಎಂದು ವೇಳಾಪಟ್ಟಿ ಬಿಡಿಸಿ ಹೇಳುವುದಿಲ್ಲ. ಕುಲಪತಿಗಳ ಸ್ವಾಗತ ಭಾಷಣಕ್ಕೂ ಕೋರ್ಸ್ ನೋಂದಣಿಗೂ ಅದರಲ್ಲಿ ಒಂದೇ ಅಳತೆಯ ಅಕ್ಷರ, ಒಂದೇ ಬಣ್ಣದ ಚೌಕ.

ಬೇರ್ಪಡಿಸಲು ಒಂದು ಸುಲಭದ ದಾರಿ ಇದೆ. ಕಾರ್ಯಕ್ರಮ ಎಲ್ಲಿ ನಡೆಯುತ್ತದೆ ಎಂಬ ಅಂಕಣ ನೋಡಿ. ದೊಡ್ಡ ಸಭಾಂಗಣದಲ್ಲಿ ಸಾವಿರ ಜನರಿಗೆ ಹೇಳುವ ಮಾತು ಸಾಮಾನ್ಯವಾಗಿ ಕೈಪಿಡಿಯಲ್ಲೋ ಜಾಲತಾಣದಲ್ಲೋ ಇದ್ದೇ ಇರುತ್ತದೆ. ಸಣ್ಣ ಕೊಠಡಿಯಲ್ಲಿ, ನಿಮ್ಮ ವಿಭಾಗದ ಹೆಸರಿನಲ್ಲಿ, ನಿಮಗೇ ನಿಗದಿಯಾದ ಸಮಯದಲ್ಲಿ ನಡೆಯುವುದು ಮತ್ತೆ ನಡೆಯುವುದಿಲ್ಲ. ಈ ಲೆಕ್ಕದಲ್ಲಿ ತಪ್ಪಿಸಬಾರದವು ಇವು: ಗುರುತು ಮತ್ತು ದಾಖಲೆಗಳ ಪರಿಶೀಲನೆ, ನಿಮ್ಮ ವಿಭಾಗದ ಸಭೆ, ಶೈಕ್ಷಣಿಕ ಸಲಹೆಗಾರರ ಭೇಟಿ ಹಾಗೂ ಕೋರ್ಸ್ ನೋಂದಣಿ, ಮಟ್ಟ ನಿರ್ಧರಿಸುವ ಪರೀಕ್ಷೆ ಇದ್ದರೆ ಅದು. ಪ್ರಯೋಗಾಲಯದ ಕೋರ್ಸ್ ಓದುವವರಿಗೆ ಸುರಕ್ಷತಾ ತರಬೇತಿಯೂ ಇದೇ ಸಾಲಿನದು. ಅದಕ್ಕೆ ಸಹಿ ಬೀಳದಿದ್ದರೆ ಲ್ಯಾಬಿನೊಳಗೆ ಬಿಡುವುದಿಲ್ಲ.

ಹೊರಡುವ ಮೊದಲು

ಓರಿಯೆಂಟೇಶನ್ನಿನ ಅರ್ಧ ಕೆಲಸ ಮನೆಯಲ್ಲೇ ಮುಗಿಯಬೇಕು. ಸೇರಿದ ಮೇಲೆ ವಿಶ್ವವಿದ್ಯಾಲಯ ನಿಮ್ಮ ಸ್ವಂತ ಇ-ಮೇಲ್‌ಗೆ ಬರೆಯುವುದನ್ನು ನಿಲ್ಲಿಸಿ, ತಾನು ಕೊಟ್ಟ ವಿಳಾಸಕ್ಕೆ ಮಾತ್ರ ಬರೆಯಲು ಶುರುಮಾಡುತ್ತದೆ. ಆ ಖಾತೆಯನ್ನು ಸಕ್ರಿಯಗೊಳಿಸದೆ ಹಳೆಯ ಇನ್‌ಬಾಕ್ಸನ್ನೇ ನೋಡುತ್ತ ಕೂತವರಿಗೆ ಶುಲ್ಕದ ಕೊನೆಯ ದಿನ, ಕೊಠಡಿ ಬದಲಾವಣೆ, ಸಲಹೆಗಾರರ ಭೇಟಿಯ ಸಮಯ ಯಾವುದೂ ತಲುಪುವುದಿಲ್ಲ. ಹಾಗಾಗಿ ಮೊದಲ ಕೆಲಸ ಅದು.

ಎರಡನೆಯದು ಎರಡು ಹಂತದ ಲಾಗಿನ್. ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಸಂಖ್ಯೆ ಅಥವಾ ಆ್ಯಪ್‌ನ ಒಪ್ಪಿಗೆ ಈಗ ಬಹುತೇಕ ಕಡೆ ಬೇಕು. ಇಲ್ಲಿ ಆಗುವ ಎಡವಟ್ಟು ಹೀಗೆ: ಊರಲ್ಲಿರುವಾಗ ಹಳೆಯ ನಂಬರ್ ಕೊಟ್ಟಿರುತ್ತೀರಿ, ಹೊಸ ಜಾಗಕ್ಕೆ ಹೋದ ಮೇಲೆ ಸಿಮ್ ಬದಲಿಸುತ್ತೀರಿ, ಒಟಿಪಿ ಹಳೆಯ ನಂಬರಿಗೇ ಹೋಗುತ್ತದೆ. ನೋಂದಣಿಯ ದಿನ ಬೆಳಿಗ್ಗೆ ಖಾತೆಯೊಳಗೆ ಕಾಲಿಡಲಾಗದೆ ಐಟಿ ಕೌಂಟರಿನ ಮುಂದೆ ನಿಲ್ಲುವವರಲ್ಲಿ ಹೆಚ್ಚಿನವರ ಕತೆ ಇದೇ. ಎಸ್ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಆರಿಸಿಕೊಳ್ಳಿ. ಲಾಗಿನ್ ವ್ಯವಸ್ಥೆ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ದಾಖಲೆಗಳ ಜೊತೆ ಇಡಿ. ಫೋನಿನಲ್ಲೇ ಉಳಿಸಿದರೆ ಫೋನ್ ಕಳೆದ ದಿನ ಅವೂ ಹೋದವು.

ಕ್ಯಾಂಪಸ್ ವೈಫೈ 'ಎಡುರೋಮ್' ಆಗಿದ್ದರೆ ಅದನ್ನೂ ಮನೆಯಲ್ಲೇ ಹೊಂದಿಸಿಕೊಳ್ಳಿ, ಏಕೆಂದರೆ ಸೆಟ್ಟಿಂಗ್ ಇಳಿಸಿಕೊಳ್ಳಲು ಮೊದಲು ಇಂಟರ್‌ನೆಟ್ ಬೇಕು. ಇದು ನೂರಕ್ಕೂ ಹೆಚ್ಚು ದೇಶಗಳ ವಿಶ್ವವಿದ್ಯಾಲಯಗಳು ಹಂಚಿಕೊಂಡಿರುವ ಜಾಲ. ಒಂದು ಕಡೆ ಹೊಂದಿಸಿದರೆ ಈ ಜಾಲವಿರುವ ಬೇರೆ ಸಂಸ್ಥೆಗೆ ಹೋದಾಗಲೂ ತಾನಾಗಿ ಸೇರಿಕೊಳ್ಳುತ್ತದೆ. ಬಳಕೆದಾರ ಹೆಸರಿನ ಜಾಗದಲ್ಲಿ ಬರೀ ಐಡಿ ಹಾಕಿದರೆ ಸಾಲದು, ಆ್ಯಟ್ ಚಿಹ್ನೆ ಮತ್ತು ಸಂಸ್ಥೆಯ ಡೊಮೇನ್ ಸೇರಿಸಿ ಪೂರ್ತಿ ಬರೆಯಬೇಕು. 'ಸೇರುತ್ತಿಲ್ಲ' ಎನ್ನುವ ದೂರುಗಳಲ್ಲಿ ಬಹಳಷ್ಟು ಇಷ್ಟರಿಂದಲೇ ಬರುತ್ತವೆ. ಪಾಸ್‌ವರ್ಡ್ ಕೈಯಲ್ಲಿ ಹಾಕಿ ಎಚ್ಚರಿಕೆಯ ಸಂದೇಶಕ್ಕೆಲ್ಲ 'ಸರಿ' ಒತ್ತುವ ಬದಲು ಸಂಸ್ಥೆ ಕೊಡುವ ಇನ್‌ಸ್ಟಾಲರ್ ಬಳಸಿ. ಅದು ಸರ್ವರಿನ ಪ್ರಮಾಣಪತ್ರವನ್ನು ಪರೀಕ್ಷಿಸುತ್ತದೆ. ಇಲ್ಲವಾದರೆ ಅದೇ ಹೆಸರಿಟ್ಟುಕೊಂಡ ನಕಲಿ ಹಾಟ್‌ಸ್ಪಾಟಿಗೆ ನಿಮ್ಮ ಪಾಸ್‌ವರ್ಡ್ ಹೋಗಬಹುದು.

ದಾಖಲೆಗಳಲ್ಲಿ ಮುಖ್ಯವಾದದ್ದು ಹೆಸರು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಳ್ಳುವ ರೂಢಿ ಇರುವುದರಿಂದ ಅಂಕಪಟ್ಟಿಯಲ್ಲಿ ಒಂದು, ಗುರುತಿನ ಚೀಟಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಮತ್ತೊಂದು ಹೀಗೆ ಮೂರು ರೂಪಗಳಿರುತ್ತವೆ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಚೌಕ ಇಟ್ಟಿರುವ ಪೋರ್ಟಲ್‌ಗಳಲ್ಲಿ ಇದು ಇನ್ನೂ ಗೋಜಲು. ಪ್ರವೇಶ ಪತ್ರದಲ್ಲಿರುವ ಹೆಸರು ಯಾವ ದಾಖಲೆಯ ಜೊತೆ ಹೊಂದುತ್ತದೆ, ಯಾವುದರ ಜೊತೆ ಹೊಂದುವುದಿಲ್ಲ ಎಂದು ಈಗಲೇ ನೋಡಿ, ಹೊಂದದಿದ್ದರೆ ದಾಖಲಾತಿ ಕಚೇರಿಗೆ ಮುಂಚೆಯೇ ಬರೆಯಿರಿ. ಕಾರ್ಡ್ ಮುದ್ರಣವಾಗುವ ಮೊದಲು ತಿದ್ದುವುದು ಒಂದು ಇ-ಮೇಲಿನ ಕೆಲಸ. ಪದವಿ ಪತ್ರ ಮುದ್ರಣವಾದ ಮೇಲೆ ತಿದ್ದಿಸುವುದು ತಿಂಗಳುಗಳ ಕೆಲಸ.

ತೆಗೆದುಕೊಂಡು ಹೋಗಬೇಕಾದ್ದು: ಪ್ರವೇಶ ಪತ್ರ, ಹಿಂದಿನ ಓದಿನ ಅಂಕಪಟ್ಟಿ ಮತ್ತು ಪ್ರಮಾಣಪತ್ರಗಳ ಮೂಲ, ಸರ್ಕಾರಿ ಗುರುತಿನ ಪುರಾವೆ, ಶುಲ್ಕದ ರಸೀದಿ, ವಿದ್ಯಾರ್ಥಿವೇತನ ಇದ್ದರೆ ಅದರ ಪತ್ರ, ಕೇಳಿದ್ದರೆ ಲಸಿಕೆಯ ದಾಖಲೆ. ಇವುಗಳ ಎರಡು ಸೆಟ್ ಜೆರಾಕ್ಸ್, ನಾಲ್ಕಾರು ಫೋಟೊ, ಎಲ್ಲದರ ಪಿಡಿಎಫ್ ಫೋನಿನಲ್ಲೂ ಆನ್‌ಲೈನಿನಲ್ಲೂ. ಮೂಲ ದಾಖಲೆಯನ್ನು ಕಚೇರಿಯವರು ಇಟ್ಟುಕೊಳ್ಳುತ್ತೇವೆ ಎಂದರೆ ಯಾವ್ಯಾವುದು, ಯಾವಾಗ ವಾಪಸ್ ಎಂದು ಬರೆದ ಸ್ವೀಕೃತಿ ಪಡೆಯದೆ ಕೊಡಬೇಡಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕೊನೆಯದಾಗಿ, ಹೊರಡುವ ಹಿಂದಿನ ವಾರ ಪೋರ್ಟಲ್ ತೆರೆದು 'ಹೋಲ್ಡ್' ಏನಾದರೂ ಇದೆಯೇ ನೋಡಿ. ಒಂದು ಕಾಗದ ಬಾಕಿ, ಶುಲ್ಕದ ಒಂದು ಕಂತು ಬಾಕಿ, ಆನ್‌ಲೈನ್ ತರಬೇತಿ ಮುಗಿಸಿಲ್ಲ, ಇಂಥ ಸಣ್ಣ ಕಾರಣಕ್ಕೂ ವ್ಯವಸ್ಥೆ ನಿಮ್ಮ ಖಾತೆಗೆ ತಡೆ ಹಾಕಿರುತ್ತದೆ. ನೋಂದಣಿಯ ಗುಂಡಿ ಒತ್ತಿದಾಗಲೇ ಅದು ಗೊತ್ತಾಗುವುದು, ಮತ್ತು ತಡೆ ತೆಗೆಯುವ ಕಚೇರಿ ಬಾಗಿಲು ಹಾಕಿರುವುದೂ ಆಗಲೇ.

ಮೊದಲ ದಿನ

ಚೆಕ್-ಇನ್, ಗುರುತಿನ ಚೀಟಿ, ಹಾಸ್ಟೆಲ್ ಇದ್ದರೆ ಕೊಠಡಿಯ ಕೀಲಿ, ಒಂದು ಚೀಲದ ತುಂಬ ಕರಪತ್ರ. ಹತ್ತಿಪ್ಪತ್ತು ಜನರ ಗುಂಪು ಮಾಡಿ ಹಿರಿಯ ವಿದ್ಯಾರ್ಥಿಯೊಬ್ಬರನ್ನು ಜೊತೆ ಮಾಡುತ್ತಾರೆ. ಕೊಠಡಿ ಸಿಕ್ಕ ಕೂಡಲೇ ಗೋಡೆ, ಹಾಸಿಗೆ, ಕಿಟಕಿಯ ಚಿಲಕ, ನಲ್ಲಿ ಎಲ್ಲದರ ಫೋಟೊ ತೆಗೆದು ವಾರ್ಡನ್ ಕಚೇರಿಗೆ ಇ-ಮೇಲ್ ಮಾಡಿಬಿಡಿ. ಮೊದಲೇ ಇದ್ದ ಬಿರುಕಿಗೆ ವರ್ಷದ ಕೊನೆಗೆ ನಿಮ್ಮ ಠೇವಣಿಯಲ್ಲಿ ಕಡಿತವಾಗುವುದು ಇದರಿಂದ ತಪ್ಪುತ್ತದೆ. ಸ್ವಾಗತ ಸಮಾರಂಭದ ಬಗ್ಗೆ ಹೇಳುವುದು ಹೆಚ್ಚಿಲ್ಲ: ಹೋಗಿ ಬನ್ನಿ, ಹಿಂದಿನ ಸಾಲಿನಲ್ಲಿ ಕೂತರೂ ನಡೆಯುತ್ತದೆ.

ಕ್ಯಾಂಪಸ್ ಸುತ್ತಿಸುವ ನಡಿಗೆಯಲ್ಲಿ ತೋರಿಸುವುದು ಸಾಮಾನ್ಯವಾಗಿ ಚೆಂದದ ಕಟ್ಟಡಗಳು. ನಿಮಗೆ ಬೇಕಾದ್ದು ನಿಮ್ಮ ತರಗತಿಯ ಕೊಠಡಿಗಳು. ವೇಳಾಪಟ್ಟಿ ಕೈಗೆ ಬಂದ ಮೇಲೆ ಒಂದು ಸಂಜೆ ಸೋಮವಾರದ ತರಗತಿಗಳನ್ನು ಅದೇ ಕ್ರಮದಲ್ಲಿ ನಡೆದು ನೋಡಿ, ಒಂದು ಕೊಠಡಿಯಿಂದ ಇನ್ನೊಂದಕ್ಕೆ ಎಷ್ಟು ನಿಮಿಷ ಎಂದು ಬರೆದುಕೊಳ್ಳಿ. ಕೊಠಡಿ ಸಂಖ್ಯೆಯ ಮೊದಲ ಅಂಕಿ ಬಹುಪಾಲು ಮಹಡಿಯನ್ನು ಹೇಳುತ್ತದೆ, ಆದರೆ ನೆಲಮಹಡಿಯನ್ನು ಸೊನ್ನೆ ಎಂದೂ ಒಂದು ಎಂದೂ ಎಣಿಸುವ ಎರಡೂ ಪದ್ಧತಿ ಇದೆ. ಜರ್ಮನಿಗೆ ಹೋಗುವವರಿಗೆ ಒಂದು ಮಾತು: ಅಲ್ಲಿ ಸಮಯದ ಪಕ್ಕ 'ಸಿ.ಟಿ.' ಎಂದಿದ್ದರೆ ತರಗತಿ ಹದಿನೈದು ನಿಮಿಷ ತಡವಾಗಿ ಶುರು, 'ಎಸ್.ಟಿ.' ಎಂದಿದ್ದರೆ ಹೇಳಿದ ಹೊತ್ತಿಗೇ ಸರಿಯಾಗಿ.

ವಿಭಾಗದ ಸಭೆ, ಸಲಹೆಗಾರರು, ನೋಂದಣಿ

ವಾರದ ತಿರುಳು ಇದು. ನಿದ್ದೆಗೆಟ್ಟು ಬಂದು ಕೂರುವ ದಿನ ಇದಾಗಬಾರದು.

ಸಲಹೆಗಾರರು ನಿಮಗೆ ಕೊಡುವ ಸಮಯ ಹೆಚ್ಚೆಂದರೆ ಹದಿನೈದಿಪ್ಪತ್ತು ನಿಮಿಷ. ಎಷ್ಟೋ ಕಡೆ ಗುಂಪಿನಲ್ಲೇ ಮುಗಿಸುತ್ತಾರೆ. 'ನಾನು ಏನು ತೆಗೆದುಕೊಳ್ಳಲಿ ಸರ್' ಎಂದು ಕೇಳಿದರೆ ಎಲ್ಲರಿಗೂ ಕೊಡುವ ಪಟ್ಟಿಯನ್ನೇ ನಿಮಗೂ ಕೊಡುತ್ತಾರೆ. ಅದರ ಬದಲು ಪದವಿಯ ನಿಯಮಾವಳಿಯನ್ನು ಮೊದಲೇ ಓದಿ, ಮೊದಲ ಸೆಮಿಸ್ಟರಿನ ಒಂದು ಕರಡು ಯೋಜನೆ ಬರೆದುಕೊಂಡು ಹೋಗಿ, 'ಇದರಲ್ಲಿ ಏನು ತಪ್ಪಿದೆ' ಎಂದು ಕೇಳಿ. ಉತ್ತರದ ಗುಣವೇ ಬದಲಾಗುತ್ತದೆ. ಕೇಳಬೇಕಾದ ಇನ್ನೆರಡು ಪ್ರಶ್ನೆಗಳಿವೆ. ಇವುಗಳಲ್ಲಿ ಯಾವ ಕೋರ್ಸ್ ವರ್ಷಕ್ಕೆ ಒಂದೇ ಸಲ ನಡೆಯುತ್ತದೆ? ಯಾವುದನ್ನು ಈಗ ಮುಗಿಸದಿದ್ದರೆ ಎರಡನೇ ವರ್ಷದ ಕೋರ್ಸ್‌ಗಳಿಗೆ ಬಾಗಿಲು ಮುಚ್ಚುತ್ತದೆ? ನಾಲ್ಕು ವರ್ಷದ ಪದವಿ ನಾಲ್ಕೂವರೆ ವರ್ಷವಾಗುವುದು ಸಾಮಾನ್ಯವಾಗಿ ಈ ಪೂರ್ವಾಪೇಕ್ಷಿತ ಕೋರ್ಸ್‌ಗಳ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದ್ದರಿಂದ.

ನೀವು ಸೇರಿದ ವರ್ಷ ಜಾರಿಯಲ್ಲಿದ್ದ ಪದವಿ ನಿಯಮಗಳೇ ಸಾಮಾನ್ಯವಾಗಿ ನಿಮಗೆ ಕೊನೆಯವರೆಗೂ ಅನ್ವಯ. ಆ ವರ್ಷದ ನಿಯಮಾವಳಿಯ ಪಿಡಿಎಫ್ ಈಗಲೇ ಉಳಿಸಿಕೊಳ್ಳಿ. ಜಾಲತಾಣದಲ್ಲಿ ಮುಂದಿನ ವರ್ಷ ಹೊಸದು ಬಂದು ಕೂರುತ್ತದೆ.

ಕ್ರೆಡಿಟ್ ಎಂಬ ಲೆಕ್ಕ ಎಲ್ಲ ಕಡೆಯೂ ಒಂದೇ ಎಂದುಕೊಂಡು ಮೋಸ ಹೋಗುವವರು ಬಹಳ. ಯುರೋಪಿನ ಪದ್ಧತಿಯಲ್ಲಿ ಒಂದು ಪೂರ್ಣ ವರ್ಷಕ್ಕೆ 60 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ತರಗತಿ, ಓದು, ಬರಹ, ಪರೀಕ್ಷೆಯ ತಯಾರಿ ಎಲ್ಲ ಸೇರಿ 25ರಿಂದ 30 ಗಂಟೆ ದುಡಿಮೆ. ಅಂದರೆ ಸೆಮಿಸ್ಟರಿನ 30 ಕ್ರೆಡಿಟ್‌ಗೆ 750ರಿಂದ 900 ಗಂಟೆ. ಅಮೆರಿಕದ ಲೆಕ್ಕದಲ್ಲಿ ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ತರಗತಿ, ಹೊರಗೆ ಎರಡು ಗಂಟೆ ಸ್ವಂತ ಓದು, ಹೀಗೆ ಸುಮಾರು 15 ವಾರ. ಹಾಗಾಗಿ 15 ಕ್ರೆಡಿಟ್ ತೆಗೆದುಕೊಂಡವರ ವಾರ 45 ಗಂಟೆಯದು, ವೇಳಾಪಟ್ಟಿಯಲ್ಲಿ ಕಾಣುವುದು ಹದಿನೈದೇ ಆದರೂ. ಭಾರತದಲ್ಲಿ ಯುಜಿಸಿಯ 2022ರ ಚೌಕಟ್ಟಿನಂತೆ ಒಂದು ಕ್ರೆಡಿಟ್ ಅಂದರೆ ಸೆಮಿಸ್ಟರಿಗೆ 15 ಗಂಟೆ ಪಾಠ, ಪ್ರಯೋಗಾಲಯವಾದರೆ 30 ಗಂಟೆ. ಇದರಿಂದ ತಿಳಿಯಬೇಕಾದ್ದು: ಎರಡು ಕ್ರೆಡಿಟ್‌ನ ಲ್ಯಾಬ್ ವಾರಕ್ಕೆ ನಾಲ್ಕು ಗಂಟೆ ತಿನ್ನುತ್ತದೆ, ರೆಕಾರ್ಡ್ ಬರೆಯುವ ಹೊತ್ತು ಬೇರೆ. ಮೊದಲ ಸೆಮಿಸ್ಟರಿನಲ್ಲಿ ಕಡ್ಡಾಯಕ್ಕಿಂತ ಹೆಚ್ಚು ಕೋರ್ಸ್ ತೆಗೆದುಕೊಳ್ಳುವ ಹುಮ್ಮಸ್ಸು ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ನೋಂದಣಿ ತೆರೆಯುವ ಹೊತ್ತಿಗೆ ಕೈಯಲ್ಲಿ ಒಂದು ಹಾಳೆ ಇರಲಿ. ಅದರಲ್ಲಿ ಪ್ರತಿ ಕೋರ್ಸಿನ ಕೋಡ್, ಸೆಕ್ಷನ್ ಸಂಖ್ಯೆ, ದಿನ, ಹೊತ್ತು, ಕೊಠಡಿ. ಪ್ರತಿ ಕೋರ್ಸಿಗೂ ಪರ್ಯಾಯವಾಗಿ ಇನ್ನೊಂದು ಸೆಕ್ಷನ್. ಐಚ್ಛಿಕಕ್ಕೆ ಎರಡು ಬದಲಿಗಳು. ಸೀಟು ಕಡಿಮೆ ಇರುವ ಕೋರ್ಸ್ ಮೊದಲು ಸೇರಿಸಿ, ದೊಡ್ಡ ತರಗತಿ ಆಮೇಲೆ. ಪಾಠಕ್ಕೆ ನೋಂದಾಯಿಸಿ ಅದರ ಜೊತೆಗೇ ಬರಬೇಕಾದ ಲ್ಯಾಬ್ ಅಥವಾ ಟ್ಯುಟೋರಿಯಲ್ ಮರೆಯುವುದು ಬಲು ಸಾಮಾನ್ಯ. ವ್ಯವಸ್ಥೆ ಆಗ 'ದೋಷ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಕೋರ್ಸ್‌ಗಳನ್ನು 'ಕಾರ್ಟ್'ಗೆ ಹಾಕಿದರೆ ನೋಂದಣಿ ಆಯಿತೆಂದಲ್ಲ, ಖಚಿತಪಡಿಸುವ ಗುಂಡಿ ಬೇರೆ ಇರುತ್ತದೆ. ಕೊನೆಗೆ ಬಂದ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಸೀಟು ತುಂಬಿದ್ದರೆ ಕಾಯುವ ಪಟ್ಟಿಗೆ ಸೇರಿ, ಮೊದಲ ತರಗತಿಗೆ ಹೇಗೂ ಹೋಗಿ ಕೂರಿ. ತರಗತಿ ಶುರುವಾದ ಮೇಲೆ ಒಂದೆರಡು ವಾರ ಕೋರ್ಸ್ ಸೇರಿಸಲು, ಬಿಡಲು ಅವಕಾಶ ಇರುವುದರಿಂದ ಸೀಟುಗಳು ಆಗ ತೆರವಾಗುತ್ತವೆ. ಆ ಗಡುವಿನೊಳಗೆ ಬಿಟ್ಟ ಕೋರ್ಸ್ ದಾಖಲೆಯಲ್ಲಿ ಕಾಣುವುದಿಲ್ಲ. ಗಡುವು ದಾಟಿ ಬಿಟ್ಟರೆ ಅದು ಬೇರೆ ಪ್ರಕ್ರಿಯೆ: ಅಂಕಪಟ್ಟಿಯಲ್ಲಿ ಗುರುತು ಉಳಿಯಬಹುದು, ಕಟ್ಟಿದ ಶುಲ್ಕವೂ ಪೂರ್ತಿ ಮರಳದಿರಬಹುದು. ಬಿಡುವ ಮೊದಲು ಇನ್ನೊಂದು ಲೆಕ್ಕ: ವಿದ್ಯಾರ್ಥಿವೇತನ, ಹಾಸ್ಟೆಲ್, ವೀಸಾ ಇವೆಲ್ಲ 'ಪೂರ್ಣಾವಧಿ ವಿದ್ಯಾರ್ಥಿ' ಎಂಬ ಷರತ್ತಿಗೆ ತಗುಲಿಕೊಂಡಿರುತ್ತವೆ. ಉದಾಹರಣೆಗೆ, ಅಮೆರಿಕದಲ್ಲಿ ಎಫ್-1 ವೀಸಾದಲ್ಲಿ ಪದವಿ ಓದುವವರು ಸೆಮಿಸ್ಟರಿಗೆ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ ಹೊಂದಿರಬೇಕು. ವೀಸಾದ ಮೇಲೆ ಹೋದವರು ಯಾವ ಕೋರ್ಸನ್ನೂ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ತಿಳಿಸದೆ ಬಿಡಬಾರದು.

ಮಟ್ಟ ನಿರ್ಧರಿಸುವ ಪರೀಕ್ಷೆ ಗಣಿತಕ್ಕೋ ಭಾಷೆಗೋ ಇರುತ್ತದೆ. ಇದರ ಅಂಕ ಪದವಿಗೆ ಸೇರುವುದಿಲ್ಲ ಎಂದು ತಿಳಿದು ಹಗುರವಾಗಿ ಬರೆದರೆ ಕೆಳಗಿನ ಕೋರ್ಸಿಗೆ ಹಾಕುತ್ತಾರೆ, ಒಂದು ಸೆಮಿಸ್ಟರ್ ಹೆಚ್ಚುತ್ತದೆ. ಯಾರದೋ ಸಹಾಯ ಪಡೆದು ಆನ್‌ಲೈನಿನಲ್ಲಿ ಬರೆದರೆ ತಲೆಗೆ ಹತ್ತದ ತರಗತಿಯಲ್ಲಿ ಕೂರಬೇಕಾಗುತ್ತದೆ, ಅದು ಮೊದಲನೆಯದಕ್ಕಿಂತ ಕೆಟ್ಟದ್ದು. ನಾಲ್ಕು ದಿನ ಹಳೆಯ ಪಾಠ ತಿರುವಿ ಹಾಕಿ, ನಿಮ್ಮಷ್ಟಕ್ಕೆ ನೀವು ಬರೆಯಿರಿ.

ಯಾರೂ ಬಿಡಿಸಿ ಹೇಳದ ಕೆಲವು

ಮನೆಯಲ್ಲಿ ಮೊದಲು ಪದವಿಗೆ ಹೊರಟವರು ನೀವು ಎಂದಿರಿ. ಓರಿಯೆಂಟೇಶನ್ನಿನಲ್ಲಿ ಮಾತಾಡುವವರು ಕೆಲವು ಪದಗಳು ಎಲ್ಲರಿಗೂ ಗೊತ್ತು ಎಂದುಕೊಂಡೇ ಮಾತಾಡುತ್ತಾರೆ. 'ಆಫೀಸ್ ಅವರ್ಸ್' ಅವುಗಳಲ್ಲೊಂದು. ಅಧ್ಯಾಪಕರು ತಮ್ಮ ಕೆಲಸದಲ್ಲಿರುವ, ತೊಂದರೆ ಕೊಡಬಾರದ ಸಮಯ ಎಂದು ಅನೇಕರು ಭಾವಿಸುತ್ತಾರೆ. ಅದು ವಿದ್ಯಾರ್ಥಿಗಳು ಬಂದು ಕೇಳಲಿ ಎಂದೇ ಅವರು ಬಾಗಿಲು ತೆರೆದು ಕೂರುವ ಸಮಯ. ಯಾವ ಕಷ್ಟವೂ ಇಲ್ಲದಿದ್ದರೂ ಮೊದಲ ಮೂರು ವಾರದೊಳಗೆ ಒಮ್ಮೆ ಹೋಗಿ. 'ಕಳೆದ ತರಗತಿಯ ಈ ಹಂತ ಸರಿಯಾಗಿ ಹಿಡಿಯಲಿಲ್ಲ' ಎಂಬಷ್ಟು ಸಣ್ಣ ಪ್ರಶ್ನೆ ಸಾಕು. 'ಸಿಲಬಸ್' ಎಂಬುದೂ ಇಲ್ಲಿ ಬರೀ ಪಾಠಗಳ ಪಟ್ಟಿಯಾಗಿರುವುದಿಲ್ಲ. ಯಾವುದಕ್ಕೆ ಎಷ್ಟು ಅಂಕ, ಹಾಜರಾತಿ ಎಷ್ಟು, ತಡವಾಗಿ ಒಪ್ಪಿಸಿದರೆ ಎಷ್ಟು ಕಡಿತ, ಎಐ ಬಳಸಬಹುದೇ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಎಲ್ಲ ಕೋರ್ಸ್‌ಗಳ ಸಿಲಬಸ್ ಸಿಕ್ಕಿದ ದಿನ ಗಡುವುಗಳನ್ನು ಒಂದೇ ಕ್ಯಾಲೆಂಡರಿಗೆ ಇಳಿಸಿ. ಮೂರು ಅಸೈನ್‌ಮೆಂಟ್ ಒಂದೇ ವಾರ ಬೀಳುವುದು ಆಗ ಮೊದಲೇ ಕಣ್ಣಿಗೆ ಬೀಳುತ್ತದೆ.

ಶೈಕ್ಷಣಿಕ ಪ್ರಾಮಾಣಿಕತೆ ಕುರಿತ ಗೋಷ್ಠಿ ನೀರಸ ಎನಿಸಿದರೂ ಕೂತು ಕೇಳುವಂಥದ್ದು. ಹೊಸಬರಿಗೆ ತೀರಾ ಅಚ್ಚರಿ ತರುವ ನಿಯಮ: ನಿಮ್ಮ ಉತ್ತರ ಗೆಳತಿಗೆ 'ನೋಡಿಕೊಳ್ಳಲು' ಕೊಟ್ಟು, ಆಕೆ ಅದನ್ನು ನಕಲು ಮಾಡಿದರೆ ತಪ್ಪು ಇಬ್ಬರದೂ. ಹೋಲಿಕೆ ಪತ್ತೆ ಮಾಡುವ ತಂತ್ರಾಂಶ ಕೊಡುವ ಶೇಕಡಾವಾರು ತೀರ್ಪು ಅಲ್ಲ ಎಂಬುದೂ ತಿಳಿದಿರಲಿ. ಉಲ್ಲೇಖಗಳು, ಗ್ರಂಥಸೂಚಿ ಸೇರಿ 25 ಬಂದರೆ ಏನೂ ಆಗದಿರಬಹುದು. 8 ಬಂದರೂ ಅದು ಒಂದೇ ಕಡೆ ಎತ್ತಿಕೊಂಡ ಪ್ಯಾರಾ ಆಗಿದ್ದರೆ ಕಷ್ಟ. ಗೋಷ್ಠಿಯ ಕೊನೆಗೆ ಒಂದು ಆನ್‌ಲೈನ್ ಕ್ವಿಜ್ ಇರುತ್ತದೆ, ಅದಕ್ಕೊಂದು ಗಡುವು ಇರುತ್ತದೆ, ಮುಗಿಸದಿದ್ದರೆ ಮತ್ತೆ ಹೋಲ್ಡ್.

ಅಂಗವೈಕಲ್ಯ, ದೀರ್ಘಕಾಲದ ಕಾಯಿಲೆ, ಕಲಿಕೆಯ ತೊಂದರೆ ಇರುವವರು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮುಂತಾದ ಸೌಲಭ್ಯಕ್ಕೆ ಓರಿಯೆಂಟೇಶನ್ ವಾರದಲ್ಲೇ ಅರ್ಜಿ ಹಾಕಬೇಕು. ವೈದ್ಯರ ಪತ್ರ ತರಿಸಿ ಒಪ್ಪಿಗೆ ಸಿಗಲು ವಾರಗಳು ಹಿಡಿಯುತ್ತವೆ, ಮತ್ತು ಆಗಿಹೋದ ಪರೀಕ್ಷೆಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆಪ್ತಸಮಾಲೋಚನಾ ಕೇಂದ್ರ ಎಲ್ಲಿದೆ ಎಂದು ಬೇಕಿಲ್ಲದಿದ್ದಾಗಲೇ ನೋಡಿಟ್ಟುಕೊಳ್ಳಿ. ಕ್ಯಾಂಪಸ್ ಭದ್ರತೆಯ ತುರ್ತು ಸಂಖ್ಯೆ ಫೋನಿನಲ್ಲಿರಲಿ.

ರ‍್ಯಾಗಿಂಗ್ ಬಗ್ಗೆ ನೇರವಾಗಿ ಹೇಳುತ್ತೇವೆ. 'ಪರಿಚಯ ಮಾಡಿಕೊಳ್ಳೋಣ' ಎಂಬ ಹೆಸರಿನಲ್ಲಿ ರಾತ್ರಿ ಕೊಠಡಿಗೆ ಕರೆಸುವುದು, ಬಯ್ಯುವುದು, ಏನನ್ನಾದರೂ ಕುಡಿಸುವುದು, ಹಿರಿಯರ ಕೆಲಸ ಮಾಡಿಸುವುದು ಯಾವುದೂ ಓರಿಯೆಂಟೇಶನ್ನಿನ ಭಾಗವಲ್ಲ. ಅಧಿಕೃತ ಕಾರ್ಯಕ್ರಮ ವೇಳಾಪಟ್ಟಿಯಲ್ಲಿರುತ್ತದೆ, ಅದರಲ್ಲಿಲ್ಲದ್ದಕ್ಕೆ ಹೋಗುವ ಬಾಧ್ಯತೆ ನಿಮಗಿಲ್ಲ. ಏನಾದರೂ ಆದರೆ ದಿನ, ಹೊತ್ತು, ಜಾಗ, ಇದ್ದವರು ಯಾರು ಎಂದು ಅಂದೇ ಬರೆದಿಡಿ, ಸಂದೇಶಗಳ ಸ್ಕ್ರೀನ್‌ಶಾಟ್ ಉಳಿಸಿ, ದೂರು ಲಿಖಿತವಾಗಿ ಕೊಡಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.

ಆಟ, ಸಂಕೋಚ, ಸ್ನೇಹ

ಆಟ ಆಡಿಸುವುದು ನಿಜ. ಹೆಸರು ಹೇಳಿ, ನಿಮ್ಮ ಬಗ್ಗೆ ಒಂದು ಸಂಗತಿ ಹೇಳಿ, ಇಂಥವು. ಅದರ ಹಿಂದೆ ಒಂದು ಕಾರಣವಿದೆ. ವಿದ್ಯಾರ್ಥಿಗಳು ಓದನ್ನು ಅರ್ಧಕ್ಕೆ ಬಿಡುವುದೇಕೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ 1975ರಲ್ಲಿ ಒಂದು ವಾದ ಮುಂದಿಟ್ಟರು: ಓದಿನಲ್ಲಿ ಬೆರೆಯುವುದು, ಜನರ ಜೊತೆ ಬೆರೆಯುವುದು, ಇವೆರಡೂ ಉಳಿಯುವ-ಬಿಡುವ ತೀರ್ಮಾನವನ್ನು ರೂಪಿಸುತ್ತವೆ ಎಂದು. ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಅದಕ್ಕೂ ಮೊದಲೇ, 1972ರಲ್ಲಿ, ಹೊಸಬರಿಗೆಂದೇ ಸೆಮಿಸ್ಟರ್ ಪೂರ್ತಿ ನಡೆಯುವ ಕೋರ್ಸ್ ಶುರುಮಾಡಿತ್ತು. ಇಂದಿನ ಓರಿಯೆಂಟೇಶನ್‌ಗಳಲ್ಲಿ ಆಟಕ್ಕೂ ಗುಂಪು ಚಟುವಟಿಕೆಗೂ ಅಷ್ಟೊಂದು ಜಾಗ ಇರುವುದರ ಹಿನ್ನೆಲೆ ಇದು. ಸಂಘಟಕರು ಕೆಲವೊಮ್ಮೆ ಅತಿ ಮಾಡುತ್ತಾರೆ, ಅದನ್ನು ಒಪ್ಪಬೇಕು.

ಸಂಕೋಚ ಇರುವವರಿಗೆ ಉಪಾಯ: ಹೇಳಬೇಕಾದ ಎರಡು ವಾಕ್ಯ ಮೊದಲೇ ಸಿದ್ಧ ಮಾಡಿಕೊಂಡು ಹೋಗಿ. ಹೆಸರು, ವಿಷಯ, ಇಷ್ಟದ ಒಂದು ಸಂಗತಿ. ಗುಂಪಿನ ಹದಿನೈದು ಜನರ ಹೆಸರನ್ನೂ ನೆನಪಿಡಲು ಹೋಗಬೇಡಿ. ನಿಮ್ಮದೇ ವಿಭಾಗದ ಇಬ್ಬರ ಹೆಸರು, ನಂಬರ್ ಸಾಕು. ಮೊದಲ ತರಗತಿ ತಪ್ಪಿದರೆ ನೋಟ್ಸ್ ಕೇಳಲು ಅಷ್ಟು ಬೇಕು. ನೃತ್ಯ, ರಾತ್ರಿ ಪಾರ್ಟಿ ಇಷ್ಟವಿಲ್ಲದಿದ್ದರೆ ಬಿಡಬಹುದು, ಯಾರೂ ಹಾಜರಾತಿ ತೆಗೆದುಕೊಳ್ಳುವುದಿಲ್ಲ. ಮೊದಲ ವಾರ ಎಲ್ಲರೂ ಜೋಡಿ ಕಟ್ಟಿಕೊಂಡು ಓಡಾಡುವುದನ್ನು ಕಂಡು 'ನನಗೊಬ್ಬಳಿಗೇ ಯಾರೂ ಸಿಗಲಿಲ್ಲ' ಎನಿಸುತ್ತದೆ. ಆ ಗುಂಪುಗಳಲ್ಲಿ ಬಹಳಷ್ಟು ತಿಂಗಳೊಳಗೆ ಚದುರುತ್ತವೆ. ಗಟ್ಟಿಯಾಗಿ ನಿಲ್ಲುವ ಸ್ನೇಹ ಹುಟ್ಟುವುದು ಹೆಚ್ಚಾಗಿ ಲ್ಯಾಬಿನ ಜೊತೆಗಾರರಲ್ಲಿ, ಟ್ಯುಟೋರಿಯಲ್‌ನಲ್ಲಿ, ಹಾಸ್ಟೆಲಿನ ಅದೇ ಮಹಡಿಯಲ್ಲಿ, ಅಂದರೆ ಪದೇ ಪದೇ ಮುಖ ನೋಡುವ ಜಾಗಗಳಲ್ಲಿ.

ಕ್ಲಬ್‌ಗಳ ಮೇಳದಲ್ಲಿ ಹನ್ನೆರಡು ಪಟ್ಟಿಗೆ ಹೆಸರು ಬರೆಯುವ ಬದಲು ಎರಡನ್ನು ಆರಿಸಿ, ಎರಡರ ಮೊದಲ ಸಭೆಗೂ ಹೋಗಿ. ಮಳಿಗೆಗಳಲ್ಲಿ ಬ್ಯಾಂಕ್ ಕಾರ್ಡ್, ಸಿಮ್, ಜಿಮ್ ಸದಸ್ಯತ್ವ ಮಾರುವವರೂ ಇರುತ್ತಾರೆ. ಉಚಿತ ಟೀ-ಶರ್ಟ್ ಆಸೆಗೆ ಗುರುತಿನ ಪುರಾವೆಯ ಪ್ರತಿ ಕೊಡಬೇಡಿ. 'ಹೊಸ ಬ್ಯಾಚ್' ಎಂಬ ಹೆಸರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮನೆ ಬಾಡಿಗೆಯ ಮುಂಗಡ, ಶುಲ್ಕದ ರಿಯಾಯಿತಿ ಎಂದು ಹಣ ಕೇಳುವವರು ಸೇರಿಕೊಂಡಿರುತ್ತಾರೆ. ಯಾವ ಹಣವನ್ನೇ ಆಗಲಿ, ಪೋರ್ಟಲ್‌ಗೆ ನೀವೇ ಲಾಗಿನ್ ಆಗಿ ಕಟ್ಟಿ. ಬಂದ ಲಿಂಕ್ ಒತ್ತಿ ಕಟ್ಟಬೇಡಿ.

ಹಿರಿಯ ವಿದ್ಯಾರ್ಥಿ ಮಾರ್ಗದರ್ಶಿಯನ್ನು ಚೆನ್ನಾಗಿ ಬಳಸಿಕೊಳ್ಳಿ. ಯಾವ ಕಚೇರಿ ಇ-ಮೇಲ್‌ಗೆ ಉತ್ತರಿಸುತ್ತದೆ, ಯಾವುದಕ್ಕೆ ಖುದ್ದು ಹೋಗಬೇಕು, ಯಾವ ಪಠ್ಯಪುಸ್ತಕ ಕೊಳ್ಳದೆ ಗ್ರಂಥಾಲಯದಲ್ಲೇ ನಡೆಸಬಹುದು ಎಂಬುದಕ್ಕೆಲ್ಲ ಅವರಷ್ಟು ನಿಖರವಾದ ಉತ್ತರ ವೇದಿಕೆಯ ಮೇಲಿಂದ ಬರುವುದಿಲ್ಲ. ಪದವಿಯ ನಿಯಮಗಳನ್ನು ಮಾತ್ರ ಅವರನ್ನು ಕೇಳಿ ನಂಬಬೇಡಿ, ಅವರ ವರ್ಷದ ನಿಯಮ ಬೇರೆ ಇದ್ದೀತು.

ಅಪ್ಪ-ಅಮ್ಮ

ಧಾರಾಳವಾಗಿ ಬರಬಹುದು, ಮೊದಲ ದಿನ. ಎಷ್ಟೋ ವಿಶ್ವವಿದ್ಯಾಲಯಗಳು ಪೋಷಕರಿಗೆ ಬೇರೆಯೇ ಗೋಷ್ಠಿ ಇಡುತ್ತವೆ: ಶುಲ್ಕದ ಕಂತು, ಆರೋಗ್ಯ ವಿಮೆ, ಹಾಸ್ಟೆಲ್ ನಿಯಮ. ಅಲ್ಲಿ ಅವರಿಗೆ ಬೇಸರ ತರಬಹುದಾದ ಒಂದು ಸಂಗತಿ ತಿಳಿಯುತ್ತದೆ. ಅಂಕ, ಹಾಜರಾತಿ ಕೇಳಿ ಅವರು ಫೋನ್ ಮಾಡಿದರೆ ಕಚೇರಿ ಹೇಳದಿರಬಹುದು. ಅಮೆರಿಕದಲ್ಲಿ 1974ರ ಕಾಯ್ದೆಯಂತೆ, ವಿದ್ಯಾರ್ಥಿ ಕಾಲೇಜು ಸೇರಿದ ಮೇಲೆ ಶೈಕ್ಷಣಿಕ ದಾಖಲೆಗಳ ಮೇಲಿನ ಹಕ್ಕು ಹೆತ್ತವರಿಂದ ವಿದ್ಯಾರ್ಥಿಗೇ ಬರುತ್ತದೆ. ಬೇರೆ ಹಲವು ದೇಶಗಳಲ್ಲೂ ಖಾಸಗಿ ಮಾಹಿತಿಯ ಕಾಯ್ದೆಗಳಿವೆ. ಶುಲ್ಕ ಕಟ್ಟುವವರು ಅವರಾದರೆ ಪೋರ್ಟಲ್‌ನಲ್ಲಿ ಅವರನ್ನು ಪಾವತಿದಾರರಾಗಿ ಸೇರಿಸಿಕೊಡಿ, ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಸಲಹೆಗಾರರ ಭೇಟಿಗೆ ಮಾತ್ರ ಒಬ್ಬರೇ ಹೋಗಿ. ಹೆತ್ತವರು ಪಕ್ಕದಲ್ಲಿದ್ದರೆ ಪ್ರಶ್ನೆ ಅವರದಾಗುತ್ತದೆ, ಉತ್ತರವೂ ಅವರ ಕಡೆಗೆ ತಿರುಗುತ್ತದೆ.

ರೈಲು ತಡವಾಗಿ, ವೀಸಾ ತಡವಾಗಿ, ಜ್ವರ ಬಂದು ಓರಿಯೆಂಟೇಶನ್ನೇ ತಪ್ಪುವಂತಾದರೆ ಸುಮ್ಮನಿರಬೇಡಿ. ವಿಶ್ವವಿದ್ಯಾಲಯದ ಇ-ಮೇಲ್‌ನಿಂದಲೇ, ವಿಭಾಗದ ಕಚೇರಿ ಮತ್ತು ಸಲಹೆಗಾರರಿಬ್ಬರಿಗೂ ಹೀಗೆ ನಾಲ್ಕು ಸಾಲು ಬರೆದರೆ ಸಾಕು:

'ವಿಷಯ: ಓರಿಯೆಂಟೇಶನ್‌ಗೆ ತಡವಾಗಿ ಬರುವ ಕುರಿತು, ವಿದ್ಯಾರ್ಥಿ ಸಂಖ್ಯೆ ಇಂಥದ್ದು. ನಾನು ಈ ವಿಭಾಗದ ಮೊದಲ ವರ್ಷದ ವಿದ್ಯಾರ್ಥಿನಿ. ಈ ಕಾರಣದಿಂದ ಇಂಥ ದಿನ ಬದಲು ಇಂಥ ದಿನ ಬರುತ್ತಿದ್ದೇನೆ, ಪುರಾವೆ ಲಗತ್ತಿಸಿದ್ದೇನೆ. ದಾಖಲೆ ಪರಿಶೀಲನೆ ಮತ್ತು ಸಲಹೆಗಾರರ ಭೇಟಿಗೆ ಬೇರೆ ಸಮಯ ಕೊಡಲು ಕೋರುತ್ತೇನೆ. ಕೋರ್ಸ್ ನೋಂದಣಿಯನ್ನು ನಾನಿರುವಲ್ಲಿಂದಲೇ ಆನ್‌ಲೈನ್ ಮಾಡಬಹುದೇ ತಿಳಿಸಿ.'

ಇದನ್ನು ಗಡುವಿನ ಮೊದಲೇ ಕಳಿಸಿ. ಎರಡು ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಅದೇ ಇ-ಮೇಲ್‌ಗೆ ಪ್ರತ್ಯುತ್ತರವಾಗಿ ಮತ್ತೆ ನೆನಪಿಸಿ, ಜೊತೆಗೆ ಫೋನ್ ಮಾಡಿ, ಮಾತಾಡಿದವರ ಹೆಸರು ಬರೆದುಕೊಳ್ಳಿ. ಸೀಟು ರದ್ದಾಗುವ ದಿನಾಂಕ ಪ್ರವೇಶ ಪತ್ರದ ಷರತ್ತುಗಳಲ್ಲಿ ಇರುತ್ತದೆ. ಅದರೊಳಗೆ ಬರಲಾಗದಿದ್ದರೆ ವಿಸ್ತರಣೆಯನ್ನು ಪ್ರವೇಶ ವಿಭಾಗದಿಂದ ಲಿಖಿತವಾಗಿಯೇ ಪಡೆಯಬೇಕು, ವಿಭಾಗದ ಕಚೇರಿ ಫೋನಿನಲ್ಲಿ 'ಪರವಾಗಿಲ್ಲ ಬನ್ನಿ' ಎಂದರೆ ಅದು ಲೆಕ್ಕಕ್ಕೆ ಬರುವುದಿಲ್ಲ.